ಮೊದಲು ತುರಿಕೆಯೋ, ಮೊದಲು ಕಿರಣವೋ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಮಕ್ಕಳ ಕಣ್ಣಿಗೆ ದೊಡ್ಡ ಚಿಕಿತ್ಸೆ ಏನೇ ಆಗಬೇಕಿದ್ದರೂ ಮುಹೂರ್ತ ಒಂದೇ: ಬೇಸಿಗೆ ರಜೆ. ಪರೀಕ್ಷೆ ಮುಗಿದಿರುತ್ತದೆ, ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದಿದ್ದರೆ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿರುತ್ತದೆ, ಹೊಲದಲ್ಲೂ ಅಂಥ ಅವಸರವಿರುವುದಿಲ್ಲ. ಆದರೆ ಅಲರ್ಜಿಯ ಕಣ್ಣಿಗೆ ವರ್ಷದಲ್ಲೇ ಕೆಟ್ಟ ಕಾಲವೆಂದರೆ ಇದೇ ಏಪ್ರಿಲ್, ಮೇ. ಕಟಾವಾದ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಿದ ಕರಿ, ಗಾಡಿರಸ್ತೆಯ ಮಣ್ಣು, ಒಣಗಾಳಿ, ನೆತ್ತಿ ಸುಡುವ ಬಿಸಿಲು ಎಲ್ಲ ಒಟ್ಟಿಗೆ ಬಂದು ಕಣ್ಣಿಗೆ ಅಡರುತ್ತವೆ. ಕಣ್ಣು ಅತಿ ಹೆಚ್ಚು ಕೆರಳಿರುವ ಹೊತ್ತಿನಲ್ಲೇ ಅದನ್ನು ಆಪರೇಷನ್ ಮೇಜಿನ ಮೇಲೆ ಮಲಗಿಸಲು ಕರೆದೊಯ್ಯುತ್ತೇವೆ.

ಕೆರಟೋಕೋನಸ್ ಎಂಬ ಕಾಯಿಲೆಯ ಸುತ್ತ ಕಣ್ಣಿನ ವೈದ್ಯರಲ್ಲಿ ಒಂದು ವಾದ ನಡೆದೇ ಇದೆ. ಅಲರ್ಜಿಯೂ ಒಣಗಣ್ಣೂ ಇರುವ ಹನ್ನೆರಡು-ಹದಿನಾಲ್ಕರ ಹುಡುಗನಿಗೆ ಈ ಕಾಯಿಲೆ ಕಂಡರೆ ತಡಮಾಡದೆ ಕಿರಣದ ಚಿಕಿತ್ಸೆ ಕೊಡಬೇಕೆನ್ನುವವರು ಕೆಲವರು. ಮೊದಲು ಅಲರ್ಜಿ ತಣಿಸಿ, ಕಣ್ಣು ಹಸಿ ಮಾಡಿ, ಕಾಯಿಲೆ ನಿಜಕ್ಕೂ ಮುಂದುವರಿಯುತ್ತಿದೆಯೇ ಎಂದು ನೋಡಿಕೊಂಡು ಆಮೇಲೆ ಕೈ ಹಾಕಬೇಕೆನ್ನುವವರು ಇನ್ನು ಕೆಲವರು. ಎರಡೂ ಕಡೆ ತಿಳಿದವರಿದ್ದಾರೆ, ಎರಡೂ ಕಡೆ ಪುರಾವೆ ಇದೆ. ಆದರೆ ನಗರದಲ್ಲಿ ಈ ವಾದದ ತೂಕ ಒಂದು ಬಗೆ, ಘಟಪ್ರಭಾ ದಂಡೆಯ ಊರುಗಳಲ್ಲಿ ಇನ್ನೊಂದು ಬಗೆ.

ಕಾಯಿಲೆಯ ಪರಿಚಯ ಬೇಗ ಮುಗಿಸುತ್ತೇನೆ. ಕಣ್ಣಿನ ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪದರ ಕಾರ್ನಿಯಾ. ನಟ್ಟನಡುವೆ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, 540 ಮೈಕ್ರಾನ್ ಆಸುಪಾಸು. ಕೆರಟೋಕೋನಸ್‌ನಲ್ಲಿ ಇದು ತೆಳುವಾಗುತ್ತ, ಮುಂದಕ್ಕೆ ಉಬ್ಬುತ್ತ, ಶಂಕುವಿನ ಆಕಾರಕ್ಕೆ ತಿರುಗುತ್ತದೆ. ಹರೆಯದಲ್ಲಿ ಶುರುವಾಗಿ ಮೂವತ್ತು-ನಲವತ್ತರ ಹೊತ್ತಿಗೆ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಚಿಕ್ಕ ವಯಸ್ಸಿನಲ್ಲಿ ಶುರುವಾದಷ್ಟೂ ಓಟ ಜೋರು. ಚಸ್ಮಾದ ಸಿಲಿಂಡರ್ ನಂಬರು ಆರಾರು ತಿಂಗಳಿಗೆ ಬದಲಾಗುತ್ತದೆ. ಕತ್ತಲಲ್ಲಿ ಎದುರು ಬರುವ ಟ್ರ್ಯಾಕ್ಟರಿನ ಒಂದು ದೀಪ ಮೂರು-ನಾಲ್ಕಾಗಿ ಕಾಣುತ್ತದೆ, ಬೋರ್ಡಿನ ಅಕ್ಷರಗಳಿಗೆ ನೆರಳು ಬೀಳುತ್ತದೆ. ನೋವಿಲ್ಲ, ಕೀವಿಲ್ಲ, ಹಾಗಾಗಿ ಮನೆಯವರಿಗೆ ಗಾಬರಿಯೂ ಇಲ್ಲ. ‘ಓದೂದು ತಪ್ಪಿಸಾಕ ನೆವ ಹೇಳ್ತಾನ’ ಎಂದು ಬೈಸಿಕೊಂಡೇ ಒಂದು ವರ್ಷ ಕಳೆದಿರುತ್ತದೆ.

ಇದರ ಜೊತೆ ಬರುವ ಅಲರ್ಜಿಗೆ ವರ್ನಲ್ ಎಂದು ಹೆಸರು. ಬಿಸಿಯಾದ ಒಣ ಸೀಮೆಗಳಲ್ಲಿ ಹೆಚ್ಚು, ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಐದರಿಂದ ಹತ್ತು ವರ್ಷದೊಳಗೆ ಕಾಣಿಸಿಕೊಂಡು ಹೆಚ್ಚಿನವರಲ್ಲಿ ಹರೆಯ ದಾಟುವಾಗ ಇಳಿಯುತ್ತದೆ. ನಮ್ಮ ದೇಶದಲ್ಲಿ ಅನೇಕ ಮಕ್ಕಳಿಗೆ ಅದು ವರ್ಷವಿಡೀ ಕಾಡುತ್ತದೆ, ಬೇಸಿಗೆಯಲ್ಲಿ ಕೆರಳುತ್ತದೆ ಅಷ್ಟೇ. ಮೇಲ್ರೆಪ್ಪೆಯನ್ನು ಮಗುಚಿ ನೋಡಿದರೆ ಒಳಮೈ ತುಂಬ ಒತ್ತೊತ್ತಾಗಿ ಎದ್ದ ಚಪ್ಪಟೆ ಗುಳ್ಳೆಗಳು, ಅವುಗಳ ಸಂದಿಯಲ್ಲಿ ಎಳೆ ಎಳೆಯಾಗಿ ಜಗ್ಗಿ ಬರುವ ಅಂಟು ಲೋಳೆ. ಮಗು ಕಣ್ಣು ತಿಕ್ಕುವುದು ಬೆರಳ ತುದಿಯಿಂದಲ್ಲ. ಮುಷ್ಟಿ ಕಟ್ಟಿ, ಬೆರಳ ಗೆಣ್ಣನ್ನು ಕಣ್ಣಿಗೆ ಒತ್ತಿ, ಗುಂಡಾಗಿ ತಿರುವುತ್ತದೆ. ‘ಡಾಕ್ಟರ್ ಸಾಹೇಬ್ರ, ನಿದ್ದಿಗಣ್ಣಾಗೂ ತಿಕ್ಕತಾನ್ರಿ, ಕೈ ಹಿಡಕೊಂಡ ಮಲಗ್ತೀನಿ’ ಎನ್ನುವ ತಾಯಂದಿರ ಮಾತಿನಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ.

ಬೇಗ ಮಾಡಿ ಎನ್ನುವವರ ಮಾತು ಮೊದಲು ಕೇಳೋಣ. ಅವರ ಕೈಯಲ್ಲಿರುವುದು ಕ್ರಾಸ್‌ಲಿಂಕಿಂಗ್. ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ರೂಪುಗೊಂಡ ಈ ಚಿಕಿತ್ಸೆಯ ಫಲಿತಾಂಶವನ್ನು ವೊಲೆನ್ಸಾಕ್, ಸ್ಪೋರ್ಲ್, ಸೈಲರ್ ಎಂಬ ಮೂವರು 2003ರಲ್ಲಿ ಪ್ರಕಟಿಸಿದರು: 22 ರೋಗಿಗಳು, 23 ಕಣ್ಣು. ಮಾಡುವ ಕ್ರಮ ಹೇಳಿದರೆ ಭಯಪಡುವಂಥದಲ್ಲ, ಹಾಗಂತ ಹಗುರವೂ ಅಲ್ಲ. ಮರಗಟ್ಟಿಸುವ ಹನಿ ಹಾಕಿ, ರೆಪ್ಪೆ ಮುಚ್ಚದಂತೆ ಕ್ಲಿಪ್ ಕೊಟ್ಟು, ಕಾರ್ನಿಯಾದ ಮೇಲಿನ ತೆಳು ಪೊರೆಯನ್ನು ಎಂಟೊಂಬತ್ತು ಮಿಲಿಮೀಟರ್ ಅಗಲಕ್ಕೆ ಕೆರೆದು ತೆಗೆಯುತ್ತಾರೆ. ರೈಬೋಫ್ಲಾವಿನ್, ಅಂದರೆ ಬಿ2 ಜೀವಸತ್ವದ ಹಳದಿ ಹನಿಯನ್ನು ಎರಡು-ಮೂರು ನಿಮಿಷಕ್ಕೊಮ್ಮೆ ಅರ್ಧ ತಾಸು ಬಿಡುತ್ತಾರೆ. ಆಮೇಲೆ ಅರ್ಧ ತಾಸು ನೇರಳಾತೀತ ಕಿರಣ. ಕಿರಣದ ತೀವ್ರತೆ ಹೆಚ್ಚಿಸಿ ಹತ್ತು ನಿಮಿಷಕ್ಕೆ ಮುಗಿಸುವ ಕ್ರಮವೂ ಇದೆ. ಕಾರ್ನಿಯಾದೊಳಗಿನ ಕೊಲಾಜೆನ್ ಎಳೆಗಳ ನಡುವೆ ಹೊಸ ಬೆಸುಗೆ ಬಿದ್ದು ಅದು ಗಟ್ಟಿಯಾಗುತ್ತದೆ. ಕೊನೆಗೆ ಬ್ಯಾಂಡೇಜ್ ಲೆನ್ಸ್ ಇಟ್ಟು ಮನೆಗೆ ಕಳಿಸುತ್ತಾರೆ. ಎರಡು-ಮೂರು ದಿನ ನೋವು, ನೀರು, ಬೆಳಕು ನೋಡಲಾಗದ ಸಂಕಟ.

ಇದು ಹೋದ ದೃಷ್ಟಿಯನ್ನು ತಂದುಕೊಡುವುದಿಲ್ಲ, ಕಾಯಿಲೆಯನ್ನು ಇದ್ದಲ್ಲಿಗೆ ನಿಲ್ಲಿಸುತ್ತದೆ. ನಿಲ್ಲಿಸುವುದೇ ಚಿಕಿತ್ಸೆಯ ಸಾರವಾದರೆ ಎಷ್ಟು ಬೇಗ ನಿಲ್ಲಿಸಿದರೆ ಅಷ್ಟು ಲಾಭ ಎಂಬುದು ಸರಳ ಲೆಕ್ಕ. ಅದಕ್ಕೆ ಆಧಾರವೂ ಇದೆ. ಸ್ವಿಟ್ಜರ್ಲೆಂಡಿನಲ್ಲಿ ಚಾಟ್ಜಿಸ್ ಮತ್ತು ಹಫೇಜಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಮನಿಸಿದ ಮಕ್ಕಳ 59 ಕಣ್ಣುಗಳಲ್ಲಿ 52ರಲ್ಲಿ ಕಾಯಿಲೆ ಮುಂದುವರಿದಿತ್ತು. ಮಕ್ಕಳಲ್ಲಿ ಮುಂದುವರಿಯುತ್ತದೋ ಇಲ್ಲವೋ ಎಂದು ಕಾಯುವುದರಲ್ಲಿ ಅರ್ಥವಿಲ್ಲ ಎಂದು ಅವರು ಖಚಿತವಾಗಿಯೇ ಬರೆದರು. ಬ್ರಿಟನ್ನಿನಲ್ಲಿ ನಡೆದ ಕೆರಾಲಿಂಕ್ ಪ್ರಯೋಗ ಇನ್ನೂ ಗಟ್ಟಿ, ಏಕೆಂದರೆ ಅಲ್ಲಿ ಯಾರಿಗೆ ಚಿಕಿತ್ಸೆ, ಯಾರಿಗೆ ಬರೀ ಚಸ್ಮಾ-ಲೆನ್ಸು ಎಂಬುದನ್ನು ಚೀಟಿ ಎತ್ತಿದ ರೀತಿಯಲ್ಲಿ ನಿರ್ಧರಿಸಿದ್ದರು. 10ರಿಂದ 16 ವರ್ಷದ 60 ಮಕ್ಕಳು. ಹದಿನೆಂಟು ತಿಂಗಳಲ್ಲಿ ಕಾಯಿಲೆ ಮುಂದುವರಿದದ್ದು ಕಿರಣ ಕೊಟ್ಟವರಲ್ಲಿ ನೂರಕ್ಕೆ 7, ಕೊಡದವರಲ್ಲಿ ನೂರಕ್ಕೆ 43. ಇಟಲಿಯ ಸಿಯೆನಾದ ವೈದ್ಯರು ಮಕ್ಕಳನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದಾಗ ಸುಮಾರು ನೂರಕ್ಕೆ 80 ಕಣ್ಣುಗಳು ಸ್ಥಿರವಾಗಿಯೇ ಉಳಿದಿದ್ದವು. ಈ ಚಿಕಿತ್ಸೆ ಬಂದ ಮೇಲೆ ನೆದರ್ಲೆಂಡ್ಸ್‌ನಲ್ಲಿ ಕೆರಟೋಕೋನಸ್‌ಗಾಗಿ ನಡೆಯುವ ಕಾರ್ನಿಯಾ ಕಸಿ ಸುಮಾರು ಕಾಲು ಭಾಗ ಇಳಿಯಿತು.

ಇಷ್ಟು ಕೇಳಿದರೆ ವಾದ ಮುಗಿದೇ ಹೋಯಿತು ಅನಿಸಬಹುದು. ಆದರೆ ಕೆರಾಲಿಂಕ್‌ನ ಅಂಕಿಯನ್ನೇ ಮತ್ತೊಮ್ಮೆ ನೋಡಿ: ಚಿಕಿತ್ಸೆ ಕೊಡದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಆ ಹದಿನೆಂಟು ತಿಂಗಳಲ್ಲಿ ಕಾಯಿಲೆ ಮುಂದುವರಿಯಲಿಲ್ಲ. ಸ್ವಿಟ್ಜರ್ಲೆಂಡಿನ ಲೆಕ್ಕಕ್ಕೂ ಬ್ರಿಟನ್ನಿನ ಲೆಕ್ಕಕ್ಕೂ ಇಷ್ಟು ಅಂತರ. ನೋಡಿಕೊಂಡು ಮಾಡೋಣ ಎನ್ನುವವರಿಗೆ ಅಲ್ಲಿಂದಲೇ ಕಾಲೂರಲು ಜಾಗ ಸಿಗುತ್ತದೆ.

ಅವರ ಬಲವಾದ ಮಾತು ಅದಲ್ಲ, ಗಾಯದ ಮಾತು. ಮೇಲಿನ ಪೊರೆ ಕೆರೆದ ಕಣ್ಣೆಂದರೆ ತೆರೆದ ಗಾಯ. ಆರೋಗ್ಯವಂತ ಕಣ್ಣಿನಲ್ಲಿ ಅದು ಮೂರರಿಂದ ಐದು ದಿನಕ್ಕೆ ಮಾಯುತ್ತದೆ. ರೆಪ್ಪೆಯ ಒಳಗೆ ಗುಳ್ಳೆ ಎದ್ದಿದ್ದರೆ ಕಣ್ಣು ಪಿಳುಕಿಸಿದಾಗಲೆಲ್ಲ ಅವು ಆ ಗಾಯವನ್ನೇ ಉಜ್ಜುತ್ತವೆ. ಕಣ್ಣೀರಿನ ಪದರ ನಿಲ್ಲದಿದ್ದರೆ ಹೊಸ ಪೊರೆ ಹಬ್ಬುವುದು ನಿಧಾನ. ಮಾಯದ ಗಾಯಕ್ಕೆ ಸೋಂಕು ತಗಲುವ ಭಯ, ಮಾಯ್ದ ಮೇಲೆ ಮಬ್ಬು ಉಳಿಯುವ ಭಯ. ಮೇಲಾಗಿ ಪೊರೆ ಕೆರೆದು ಕಿರಣ ಕೊಡುವಾಗ ಕಾರ್ನಿಯಾದ ಮೇಲುಮೇಲಿನ ನರಗಳೂ ಹೋಗುತ್ತವೆ; ಅವು ಮರಳಿ ಬೆಳೆಯಲು ತಿಂಗಳುಗಳು ಬೇಕು, ಅಲ್ಲಿವರೆಗೆ ಮೊದಲೇ ಒಣಗಿದ ಕಣ್ಣು ಇನ್ನಷ್ಟು ಒಣಗುತ್ತದೆ. ಪೊರೆ ತೆಗೆಯದೆ ಮಾಡುವ ಕ್ರಮವಿದೆಯಲ್ಲ ಎಂದರೆ, ಇದೆ. ನೋವೂ ಸೋಂಕಿನ ಭಯವೂ ಕಡಿಮೆ. ಆದರೆ ಮಕ್ಕಳಲ್ಲಿ ಅದರ ಹಿಡಿತ ಪೊರೆ ತೆಗೆದು ಮಾಡುವಷ್ಟು ಗಟ್ಟಿಯಲ್ಲ ಎಂಬುದು ಹಳೆಯ ದೂರು.

ಎಲ್ಲಕ್ಕಿಂತ ಮುಖ್ಯವಾಗಿ, ಕಿರಣ ಕೊಟ್ಟ ಮೇಲೂ ಹುಡುಗ ತಿಕ್ಕುತ್ತಲೇ ಹೋದರೆ? ಬೆಸುಗೆ ಹಾಕಿದ ಗೋಡೆಯನ್ನು ದಿನಾ ಗುದ್ದಿದರೆ ಅದು ಎಷ್ಟು ದಿನ ತಡೆದೀತು ಎಂದು ಇವರು ಕೇಳುತ್ತಾರೆ. ಪ್ಯಾರಿಸ್ಸಿನ ರಾಥ್‌ಶೀಲ್ಡ್ ಆಸ್ಪತ್ರೆಯ ಡಾಮಿಯೆನ್ ಗಾಟಿನೆಲ್ ಈ ದಾರಿಯಲ್ಲಿ ತುದಿಯವರೆಗೂ ಹೋದವರು: ತಿಕ್ಕದಿದ್ದರೆ ಶಂಕುವೇ ಇಲ್ಲ ಎಂಬುದು ಅವರ ವಾದ. ಸಿಡ್ನಿಯಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಕೇವಲ ಅರವತ್ತು ಸೆಕೆಂಡ್ ಕಣ್ಣು ತಿಕ್ಕಿಕೊಳ್ಳಲು ಹೇಳಿ ಕಣ್ಣೀರು ಪರೀಕ್ಷಿಸಿದಾಗ ಉರಿಯೂತದ ರಾಸಾಯನಿಕಗಳೂ ಕೊಲಾಜೆನ್ ಕರಗಿಸುವ ಕಿಣ್ವವೂ ಏರಿದ್ದು ಕಂಡಿತು. ಒಂದು ನಿಮಿಷಕ್ಕೇ ಇಷ್ಟಾದರೆ ಇಡೀ ಬೇಸಿಗೆಯ ಲೆಕ್ಕವೇನು?

ಗಾಟಿನೆಲ್ ಅವರ ಮಾತನ್ನು ಪೂರ್ತಿ ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ. ಜೋರಾಗಿ ತಿಕ್ಕುವ ಎಷ್ಟೋ ಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ. ಒಂದೇ ಮನೆಯ ಇಬ್ಬರಿಗೆ ಬಂದದ್ದೂ ಉಂಟು. ಇಸ್ರೇಲಿನ ಅರಬ್ ವಿದ್ಯಾರ್ಥಿಗಳ ಅಧ್ಯಯನವೊಂದು ಹತ್ತಿರದ ರಕ್ತಸಂಬಂಧದ ಮದುವೆಗೂ ಇದಕ್ಕೂ ನಂಟು ತೋರಿಸಿತು. ಅಕ್ಕನ ಮಗಳು, ಸೋದರತ್ತೆಯ ಮಗ ಎಂದು ಮನೆಯೊಳಗೇ ಸಂಬಂಧ ಬೆಳೆಸುವ ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯನ್ನು ಯಾರಾದರೂ ಕೂತು ಕೇಳಬೇಕು. ತಿಕ್ಕುವುದೊಂದೇ ಕಾರಣ ಎಂದು ಹೇಳಿಬಿಟ್ಟರೆ ಎಲ್ಲ ತಪ್ಪೂ ಮಗುವಿನ ಮೇಲೆ, ಮಗುವನ್ನು ತಡೆಯದ ತಾಯಿಯ ಮೇಲೆ ಬೀಳುತ್ತದೆ. ತುರಿಕೆ ಇಳಿಸದೆ ‘ತಿಕ್ಕಬ್ಯಾಡೋ ತಮ್ಮಾ’ ಎಂದರೆ ಅವನೇನು ಮಾಡಿಯಾನು?

ಒಣಗಣ್ಣಿನ ವಿಷಯಕ್ಕೆ ಬಂದರೆ ಗಂಟು ಇನ್ನೂ ಬಿಗಿಯಾಗುತ್ತದೆ. ಅಲರ್ಜಿಯ ಕಣ್ಣಿಂದ ನೀರು ಸುರಿಯುತ್ತಲೇ ಇರುವಾಗ ಒಣಗಣ್ಣು ಎಲ್ಲಿಂದ ಬಂತು ಎಂದು ಮನೆಯವರು ಕೇಳುತ್ತಾರೆ. ನೀರಿದೆ, ಆದರೆ ನಿಲ್ಲುವುದಿಲ್ಲ. ರೆಪ್ಪೆಯಂಚಿನ ಗ್ರಂಥಿಗಳ ಎಣ್ಣೆಯೂ ಲೋಳೆಯೂ ಹದ ತಪ್ಪಿರುವುದರಿಂದ ಕಣ್ಣೀರಿನ ಪದರ ಬೇಗ ಹರಿದು ಆರಿಹೋಗುತ್ತದೆ. ಒಣಗಿದ ಕಣ್ಣು ಉರಿಯುತ್ತದೆ, ಉರಿಗೆ ಮತ್ತೆ ತಿಕ್ಕುತ್ತಾರೆ. ಮೊಬೈಲಿನಲ್ಲಿ ಮುಳುಗಿ ರೆಪ್ಪೆ ಬಡಿಯುವುದನ್ನೇ ಮರೆತ ಮೇಲಂತೂ ಕೇಳುವುದೇ ಬೇಡ. ಅಲರ್ಜಿಗೂ ಒಣಗಣ್ಣಿಗೂ ಕೊಡುವ ಔಷಧಗಳಲ್ಲೇ ಕೆಲವು ಒಂದಕ್ಕೊಂದು ಎದುರು ಬೀಳುತ್ತವೆ. ತುರಿಕೆಗೆಂದು ನುಂಗಿಸುವ ಸೆಟಿರಿಜಿನ್ ಥರದ ಗುಳಿಗೆ ಕಣ್ಣೀರನ್ನು ಕಡಿಮೆ ಮಾಡುತ್ತದೆ. ಹನಿ ಔಷಧ ಕೆಡದಿರಲೆಂದು ಬೆರೆಸುವ ಬೆಂಜಾಲ್ಕೋನಿಯಮ್ ದಿನಕ್ಕೆ ನಾಲ್ಕಾರು ಬಾರಿ ಬಿದ್ದರೆ ಕಾರ್ನಿಯಾದ ಮೇಲ್ಪೊರೆಯನ್ನೇ ಕೆಡಿಸುತ್ತದೆ. ಒಂದನ್ನು ಸರಿಮಾಡಹೋಗಿ ಇನ್ನೊಂದನ್ನು ಕೆಡಿಸುವ ಈ ಆಟದಲ್ಲಿ ಸಂರಕ್ಷಕವಿಲ್ಲದ ಕೃತಕ ಕಣ್ಣೀರು, ತಣ್ಣೀರ ಬಟ್ಟೆ, ಒಲೋಪಟಡೀನ್ ಹನಿ, ಬಿಸಿಲಿಗೊಂದು ಕರಿ ಚಸ್ಮಾ ಇಷ್ಟೇ ಬಡಪಾಯಿ ಅಸ್ತ್ರಗಳು. ಇವು ಸಾಲದಾದಾಗ ಸೈಕ್ಲೋಸ್ಪೋರಿನ್ ಹನಿ ಅಥವಾ ಟ್ಯಾಕ್ರೊಲಿಮಸ್ ಮುಲಾಮು. ಇವೆರಡೂ ನಿಧಾನಕ್ಕೆ ಹಿಡಿಯುವ ಔಷಧ, ಮೊದಮೊದಲು ಉರಿಸುತ್ತವೆ, ಬೆಲೆಯೂ ಅಗ್ಗವಲ್ಲ. ವಾರಕ್ಕೇ ಬಿಟ್ಟುಬಿಡುವವರೇ ಬಹಳ.

ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ರೋಹಿತ್ ಶೆಟ್ಟಿ ಮತ್ತು ಸಂಗಡಿಗರು ನಡೆಸಿದ ಕೆಲಸ ಇಲ್ಲಿ ನೆನೆಯಬೇಕಾದದ್ದು. ಕೆರಟೋಕೋನಸ್ ರೋಗಿಗಳ ಕಣ್ಣೀರಿನಲ್ಲಿ ಎಂಎಂಪಿ-9 ಎಂಬ ಕಿಣ್ವ ಹೆಚ್ಚಿರುವುದನ್ನೂ, ಸೈಕ್ಲೋಸ್ಪೋರಿನ್ ಅದನ್ನು ತಗ್ಗಿಸುವುದನ್ನೂ ಅವರು 2015ರಲ್ಲಿ ಪ್ರಕಟಿಸಿದರು. ಪಠ್ಯಪುಸ್ತಕಗಳು ಬಹುಕಾಲ ಇದು ಉರಿಯೂತವಿಲ್ಲದ ಕಾಯಿಲೆ ಎಂದೇ ಹೇಳುತ್ತ ಬಂದಿದ್ದವು. ಉರಿಯೂತಕ್ಕೂ ಪಾತ್ರವಿದೆ ಎಂದಾದರೆ ಅಲರ್ಜಿ ತಣಿಸುವುದು ಆಪರೇಷನ್ನಿಗೆ ಮುಂಚಿನ ಬರಿಯ ಪೂರ್ವಸಿದ್ಧತೆಯಾಗಿ ಉಳಿಯುವುದಿಲ್ಲ, ಅದೇ ಚಿಕಿತ್ಸೆಯ ಒಂದು ಭಾಗವಾಗುತ್ತದೆ. ಆದರೆ ಹನಿಯೊಂದರಿಂದಲೇ ಶಂಕು ನಿಂತೀತು ಎಂದು ನೆಚ್ಚಿ ಕೂರುವಷ್ಟು ಪುರಾವೆ ಇದಲ್ಲ.

ಮೊದಲು ತಣಿಸಿ ಎನ್ನುವವರ ಇನ್ನೊಂದು ಮಾತು ನನಗೆ ಹೆಚ್ಚು ನಾಟಿದ್ದು. ಕಾಯಿಲೆ ಮುಂದುವರಿದಿದೆಯೇ ಎಂಬುದನ್ನು ಹೇಳುವುದು ಟೊಪೋಗ್ರಫಿ ಯಂತ್ರ. ಅದು ಕಾರ್ನಿಯಾದ ಉಬ್ಬುತಗ್ಗುಗಳನ್ನು ಬಣ್ಣದ ನಕ್ಷೆಯಾಗಿ ಕೊಡುತ್ತದೆ. ಕಡಿದಾದ ಜಾಗ ಕೆಂಪು. ಒಂದು ವರ್ಷದಲ್ಲಿ ಕಾರ್ನಿಯಾದ ಶಕ್ತಿ ಒಂದು ಡಯಾಪ್ಟರ್ ಹೆಚ್ಚಾದರೆ ಮುಂದುವರಿದಿದೆ ಎಂದು ಸಾಮಾನ್ಯ ಲೆಕ್ಕ. ಆದರೆ ಯಂತ್ರ ಅಳೆಯುವುದು ಕಣ್ಣೀರು ಹೊದ್ದ ಮೇಲ್ಮೈಯನ್ನು. ಒಣಗಿ ಚುಕ್ಕೆಚುಕ್ಕೆಯಾದ ಮೇಲ್ಮೈಯ ನಕ್ಷೆ ಬೆಳಗ್ಗೆ ಒಂದು, ಸಂಜೆ ಒಂದು. ಇಲ್ಲದ ಕಾಯಿಲೆಯನ್ನು ತೋರಿಸಬಹುದು, ನಿಂತ ಕಾಯಿಲೆಯನ್ನು ಓಡುತ್ತಿರುವಂತೆ ತೋರಿಸಬಹುದು. ಆ ಕೆಂಪು ಚುಕ್ಕೆಯತ್ತ ಬೆರಳು ಮಾಡಿ ‘ಈ ವಾರದಾಗ ಮಾಡಿಸಿಬಿಡ್ರಿ’ ಎಂದು ಹೇಳಿದರೆ ಯಾವ ತಂದೆ ತಾಯಿ ತಡೆದಾರು? ಕಣ್ಣು ಒಂದಿಷ್ಟು ಹಸಿಯಾದ ಮೇಲೆ ತೆಗೆದ ಇನ್ನೊಂದು ನಕ್ಷೆ ಅನಗತ್ಯ ಆಪರೇಷನ್ನನ್ನು ತಪ್ಪಿಸಬಲ್ಲದು.

ಎಣಿಕೆಯ ಗೊಂದಲವೂ ಇದೇ ಜಾತಿಯದು. ನಾಗಪುರ ಸೀಮೆಯ ಹಳ್ಳಿಗಳಲ್ಲಿ ಮೂವತ್ತು ದಾಟಿದವರನ್ನು ಪರೀಕ್ಷಿಸಿದ ಅಧ್ಯಯನ 2009ರಲ್ಲಿ ನೂರಕ್ಕೆ 2.3 ಮಂದಿಗೆ ಕೆರಟೋಕೋನಸ್ ಎಂದಿತು. ಆ ಅಂಕಿಯನ್ನು ಎಲ್ಲ ಕಡೆ ಉದ್ಧರಿಸುತ್ತಾರೆ. ಅಲ್ಲಿ ಟೊಪೋಗ್ರಫಿ ಇರಲಿಲ್ಲ, ಕಾರ್ನಿಯಾದ ಶಕ್ತಿ 48 ಡಯಾಪ್ಟರ್ ಮುಟ್ಟಿದವರನ್ನೆಲ್ಲ ಲೆಕ್ಕಕ್ಕೆ ಹಿಡಿದಿದ್ದರು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ರಿಯಾದ್‌ನಲ್ಲಿ ಬೇರೆ ಕಾರಣಕ್ಕೆ ಆಸ್ಪತ್ರೆಗೆ ಬಂದ ಮಕ್ಕಳನ್ನೂ ಹರೆಯದವರನ್ನೂ ಪರೀಕ್ಷಿಸಿದಾಗ ನೂರಕ್ಕೆ 4.79 ಕಂಡಿತು, 2018ರ ವರದಿ. ಹಳೆಯ ಪುಸ್ತಕದ ಲೆಕ್ಕದಲ್ಲಿ ಇದು ಎರಡು ಸಾವಿರಕ್ಕೊಬ್ಬರಿಗೆ ಬರುವ ಅಪರೂಪದ ಕಾಯಿಲೆ. ಸತ್ಯ ಈ ಅಂಕಿಗಳ ನಡುವೆ ಎಲ್ಲೋ ಇದ್ದೀತು. ಬಿಸಿಲೂ ಧೂಳೂ ಅಲರ್ಜಿಯೂ ಇರುವ ಕಡೆ ಹಳೆಯ ಪುಸ್ತಕವನ್ನು ನಂಬಿ ಕೂರುವಂತಿಲ್ಲ ಎಂಬಷ್ಟು ಮಾತ್ರ ನಿಚ್ಚಳ.

ಈಗ ಊರಿಗೆ ಬರೋಣ. ನೋಡಿಕೊಂಡು ಮಾಡೋಣ ಎಂಬುದರಲ್ಲಿ ‘ನೋಡಿಕೊಂಡು’ ಎಂಬ ಪದಕ್ಕೆ ಖರ್ಚಿದೆ. ಮೂರರಿಂದ ಆರು ತಿಂಗಳಿಗೊಮ್ಮೆ ಟೊಪೋಗ್ರಫಿ, ಆದಷ್ಟೂ ಅದೇ ಯಂತ್ರದಲ್ಲಿ. 2018ರ ಸುಮಾರಿಗೆ ಗೋಕಾಕದಿಂದ ಬೇರೆಯಾಗಿ ತಾಲೂಕಾದ ಮೂಡಲಗಿಯ ಹಳ್ಳಿಯೊಂದರಿಂದ ಹೊರಟವರು ಬೆಳಗಾವಿಗೋ, ಹುಬ್ಬಳ್ಳಿಗೋ, ಘಟಪ್ರಭಾದಲ್ಲಿ ರೈಲು ಹತ್ತಿ ಮೀರಜಕ್ಕೋ ಹೋಗಬೇಕು. ವ್ಯಾನ್ಲೆಸ್ ಮಿಷನ್ ಆಸ್ಪತ್ರೆಯ ಕಾಲದಿಂದ, ಅಂದರೆ 1894ರಿಂದ, ಮೀರಜ ಈ ಭಾಗದವರಿಗೆ ದವಾಖಾನೆಯ ಊರು. ಕಣ್ಣು ಎಂದರೆ ಹುಬ್ಬಳ್ಳಿಯ ಎಂ.ಎಂ. ಜೋಶಿ ಆಸ್ಪತ್ರೆಯ ಹೆಸರು ಹಿರಿಯರ ಬಾಯಲ್ಲಿ. ಎಲ್ಲಿಗೆ ಹೋದರೂ ಒಂದು ದಿನದ ಕೂಲಿ ಹೋಯಿತು, ಎರಡು ಜನದ ಬಸ್‌ಚಾರ್ಜು ಹೋಯಿತು, ಮಗುವಿನ ಶಾಲೆ ಹೋಯಿತು. ಮೊದಲ ಬಾರಿ ಹೋಗುತ್ತಾರೆ. ಎರಡನೆಯ ಬಾರಿಗೆ ಕಬ್ಬು ಕಡಿಯುವವರ ಟೋಳಿ ಹೊಲಕ್ಕೆ ಬಂದಿರುತ್ತದೆ. ಮೂರನೆಯ ಬಾರಿ ‘ಚಲೋನ ಐತಲ್ಲ, ಮುಂದ ನೋಡೂನು’. ಮತ್ತೆ ವೈದ್ಯರ ಮುಂದೆ ಕೂರುವ ಹೊತ್ತಿಗೆ ಎರಡು ವರ್ಷ ಸಂದಿರುತ್ತದೆ, ಕಾರ್ನಿಯಾ 400 ಮೈಕ್ರಾನಿಗಿಂತ ತೆಳುವಾಗಿರುತ್ತದೆ. ಅದಕ್ಕಿಂತ ತೆಳುವಾದರೆ ಡ್ರೆಸ್ಡೆನ್ ಕ್ರಮದಲ್ಲಿ ಕಿರಣ ಕೊಡುವುದು ಕ್ಷೇಮವಲ್ಲ. ವೈದ್ಯರು ಕಾಗದದ ಮೇಲೆ ಬರೆದುಕೊಟ್ಟ ‘ನಿಗಾ’ ಹಳ್ಳಿಯಲ್ಲಿ ಯಾರ ನಿಗಾವೂ ಅಲ್ಲ. ಬೇಗ ಮಾಡಿ ಎನ್ನುವವರಿಗೆ ಈ ಮೂರು ತಾಲೂಕುಗಳು ಕೊಡುವ ಅತ್ಯಂತ ಗಟ್ಟಿ ಆಧಾರ ಇದು, ಯಾವ ಪ್ರಯೋಗದ ಅಂಕಿಯಲ್ಲೂ ಇಲ್ಲದ್ದು.

ಆದರೆ ಇದೇ ದೂರ ಇನ್ನೊಂದು ಕಡೆಗೂ ತೂಗುತ್ತದೆ. ಪೊರೆ ಕೆರೆದ ಕಣ್ಣಿನೊಂದಿಗೆ ಹುಡುಗ ಮರುದಿನ ಅದೇ ಧೂಳಿನ ರಸ್ತೆಯಲ್ಲಿ ಊರಿಗೆ ಬರುತ್ತಾನೆ. ಕಣ್ಣು ಕೆಂಪಾಗಿ ನೋವು ಹೆಚ್ಚಿದರೆ ಅದು ಸಹಜ ನೋವೋ ಸೋಂಕಿನ ಮೊದಲ ದಿನವೋ ಎಂದು ಹೇಳುವವರು ಹತ್ತಿರದಲ್ಲಿಲ್ಲ. ನಾಲ್ಕು ಬಗೆಯ ಹನಿಯನ್ನು ತಾಸು ನೋಡಿ ಹಾಕಬೇಕಾದವಳು ತಾಯಿ, ಅವಳು ಕಳೆ ತೆಗೆಯಲು ಹೋಗಿರುತ್ತಾಳೆ. ನಿಗಾ ಇಲ್ಲದ ಕಡೆ ಕಾಯುವುದು ಅಪಾಯವಾದರೆ ನಿಗಾ ಇಲ್ಲದ ಕಡೆ ಗಾಯ ಮಾಡುವುದೂ ಅಪಾಯವೇ. ಹಣದ ಮಾತೂ ಉಂಟು: ಖಾಸಗಿಯಲ್ಲಿ ಒಂದು ಕಣ್ಣಿಗೆ ಹತ್ತಾರು ಸಾವಿರ ರೂಪಾಯಿ.

ಮೆಡಿಕಲ್ ಅಂಗಡಿಯ ಹನಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಆಗದು. ಹುಡುಗನಿಗೆ ಒಮ್ಮೆ ವೈದ್ಯರು ಒಂದು ವಾರಕ್ಕೆಂದು ಸ್ಟೆರಾಯ್ಡ್ ಹನಿ ಬರೆದಿರುತ್ತಾರೆ. ಎರಡೇ ದಿನಕ್ಕೆ ಕಣ್ಣು ಬೆಳ್ಳಗಾಗುತ್ತದೆ, ತುರಿಕೆ ಮಾಯ. ಮನೆಯವರಿಗೆ ಅದು ಸಂಜೀವಿನಿ. ಖಾಲಿ ಬಾಟಲಿ ತೋರಿಸಿದರೆ ಚೀಟಿ ಕೇಳದೆ ಇನ್ನೊಂದು ಸಿಗುತ್ತದೆ. ವರ್ಷಗಟ್ಟಲೆ ಹಾಗೆ ಹಾಕಿದ ಮಕ್ಕಳಲ್ಲಿ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಇಲ್ಲವೆ ಎಳೆವಯಸ್ಸಿನಲ್ಲೇ ಮೋತಿಬಿಂದು. ಗ್ಲಾಕೋಮಾದಿಂದ ಹೋದ ನೋಟ ಯಾವ ಆಪರೇಷನ್ನಿಗೂ ಮರಳುವುದಿಲ್ಲ. ಕೆರಟೋಕೋನಸ್‌ಗಾದರೂ ಕೊನೆಗೆ ಕಸಿ ಇದೆ. ‘ಮೊದಲು ಅಲರ್ಜಿ ತಣಿಸಿ’ ಎಂಬ ಸಲಹೆ ಹಳ್ಳಿಗೆ ಇಳಿಯುವಾಗ ಎಷ್ಟೋ ಸಲ ಈ ಬಾಟಲಿಯ ರೂಪ ತಾಳುತ್ತದೆ. ನೋಡಿಕೊಂಡು ಮಾಡೋಣ ಎನ್ನುವ ವೈದ್ಯರು ಇದಕ್ಕೆ ಉತ್ತರ ಕೊಡಬೇಕು: ತಣಿಸುವುದು ಯಾವುದರಿಂದ, ಎಷ್ಟು ದಿನ, ಒತ್ತಡ ಅಳೆಯುವವರು ಯಾರು?

ಹಾಗಾದರೆ ನನ್ನ ತಕ್ಕಡಿ ಯಾವ ಕಡೆ ವಾಲುತ್ತದೆ? ಕಿರಣದ ಕಡೆಗೆ, ಆದರೆ ಕೆರಳಿದ ಕಣ್ಣಿಗಲ್ಲ. ಮಗುವಿನಲ್ಲಿ ಕೆರಟೋಕೋನಸ್ ಖಚಿತವಾದರೆ ‘ಮುಂದುವರಿದರೆ ಮಾಡೋಣ’ ಎಂಬ ಷರತ್ತನ್ನು ಈ ಊರುಗಳಲ್ಲಿ ಬಿಡಬೇಕು. ಅದರ ಬದಲು ‘ತಣಿದ ಕೂಡಲೆ ಮಾಡೋಣ’ ಎಂಬ ದಿನಾಂಕವಿರಬೇಕು. ಅಲರ್ಜಿಗೆ ಆರೆಂಟು ವಾರ ಬಿಗಿಯಾದ ಔಷಧ, ಅದೂ ಸ್ಟೆರಾಯ್ಡಿನ ಮೇಲೆ ನಿಲ್ಲದ್ದು. ನಡುವೆ ಒಮ್ಮೆಯಾದರೂ ರೆಪ್ಪೆ ಮಗುಚಿ ನೋಡಬೇಕು, ಕಣ್ಣಿನ ಒತ್ತಡ ಅಳೆಯಬೇಕು. ಕೊನೆಯಲ್ಲಿ ಹಸಿಯಾದ ಕಣ್ಣಿನ ಇನ್ನೊಂದು ನಕ್ಷೆ. ಬೇಸಿಗೆಯಲ್ಲಿ ಔಷಧ ಶುರುಮಾಡಿ ಮಳೆಗಾಲದಲ್ಲಿ ಕಿರಣ ಕೊಡುವುದು ನನಗೆ ಕಾಣುವ ಜಾಣತನ: ಧೂಳು ಕೂತಿರುತ್ತದೆ, ಸುಡುವ ಗಾಳಿ ಇರುವುದಿಲ್ಲ, ಕಾರ್ಖಾನೆಗಳ ಹಂಗಾಮು ಶುರುವಾಗಿರುವುದಿಲ್ಲ. ಎಂಟು ದಿನ ಶಾಲೆ ತಪ್ಪಿದರೆ ತಪ್ಪಲಿ. ಎರಡು-ಮೂರು ತಿಂಗಳಾದರೂ ಅಲರ್ಜಿ ಬಗ್ಗದಿದ್ದರೆ, ಔಷಧದ ಕಾವಲಿನಲ್ಲೇ ಕಿರಣ ಕೊಡುವ ವೈದ್ಯರಿದ್ದಾರೆ. ಆ ಗಂಡಾಂತರ ತೆಗೆದುಕೊಳ್ಳುವುದು ಸರಿಯೇ ಎಂಬುದನ್ನು ಆ ಮಗುವಿನ ರೆಪ್ಪೆ ನೋಡಿದವರು ಹೇಳಬೇಕು, ಲೇಖನ ಬರೆಯುವವರಲ್ಲ.

ಕಾಯಿಲೆ ನಿಂತ ಮೇಲೆ ನೋಟದ ಪ್ರಶ್ನೆ. ಚಸ್ಮಾ ಸಾಲದಾದಾಗ ಗಟ್ಟಿ ಲೆನ್ಸು, ಅದರ ಕೆಳಗೆ ಒಂದು ಧೂಳಿನ ಕಣ ಸೇರಿದರೆ ಹೊಲದಲ್ಲಿ ನಿಂತವನು ಕಣ್ಣು ಬಿಡಲಾರ. ಬಿಳಿಗುಡ್ಡೆಯ ಮೇಲೆ ಕೂರುವ ದೊಡ್ಡ ಸ್ಕ್ಲೀರಲ್ ಲೆನ್ಸ್ ತನ್ನೊಳಗೆ ಲವಣಜಲ ತುಂಬಿಕೊಂಡಿರುವುದರಿಂದ ಒಣಗಣ್ಣಿಗೆ ಹಿತ, ಧೂಳೂ ಒಳ ನುಗ್ಗದು. ಆದರೆ ಬೆಲೆಯೂ ದೊಡ್ಡದು, ಕೈ ಸ್ವಚ್ಛವಾಗಿಟ್ಟುಕೊಳ್ಳುವ ಹೊಣೆಯೂ ದೊಡ್ಡದು. ರೆಪ್ಪೆಯಲ್ಲಿ ಗುಳ್ಳೆ, ಲೋಳೆ ಇನ್ನೂ ಇದ್ದರೆ ಅದೂ ಮಬ್ಬಾಗುತ್ತದೆ. ಪೊಲೀಸ್, ಮಿಲಿಟರಿ ಭರ್ತಿಗೆ ಬೆಳಗಿನ ಜಾವ ಓಡುವ ಹುಡುಗರು ಈ ಕಾಯಿಲೆಯ ಹೆಸರನ್ನೇ ಬಚ್ಚಿಡುತ್ತಾರೆ, ವೈದ್ಯಕೀಯ ತಪಾಸಣೆ ದಾಟುವುದು ಕಷ್ಟವೆಂದು. ಹೆಣ್ಣುಮಕ್ಕಳ ಮನೆಯವರು ಬಚ್ಚಿಡುವುದು ಸಂಬಂಧ ತಪ್ಪೀತೆಂದು. ಬಸಿರಿನ ಕಾಲದಲ್ಲಿ ಕಾಯಿಲೆ ಕೆಲವರಲ್ಲಿ ಮುಂದುವರಿಯುವುದರಿಂದ ಮದುವೆಗೆ ಮುಂಚೆ ಕಿರಣ ಕೊಡಿಸುವುದು ಹುಡುಗಿಗೆ ಇನ್ನೂ ಅಗತ್ಯ.

ಎಲ್ಲ ಮೀರಿದ ಮೇಲೆ ಕಸಿ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಜೋಡಿಸಿದ್ದು ಕನ್ನಡಿಗರೆಲ್ಲರಿಗೂ ಗೊತ್ತು. ಹೀಗೆ ಮುಂಭಾಗದ ಪದರವನ್ನಷ್ಟೇ ಬದಲಿಸುವ ಬಗೆಯ ಕಸಿ ಕೆರಟೋಕೋನಸ್‌ಗೂ ಬಳಕೆಯಲ್ಲಿದೆ. ರೋಗಿಯ ಒಳಪದರ ಉಳಿಯುವುದರಿಂದ ದೇಹ ತಿರಸ್ಕರಿಸುವ ಭಯ ಕಡಿಮೆ. ಆದರೆ ಅಲರ್ಜಿ ಇರುವ ಕಣ್ಣಿನಲ್ಲಿ ಹೊಲಿಗೆ ಸಡಿಲಾಗುತ್ತದೆ, ತಿಕ್ಕುವ ಕೈಗೆ ಕಸಿಯೂ ಒಂದೇ, ಮೊದಲಿನದೂ ಒಂದೇ.

ದವಾಖಾನೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಇನ್ನೊಂದು ಇಕ್ಕಟ್ಟಿದೆ. ಮನೆಯವರು ಬರುವುದು ಪೂರ್ತಿ ಮಬ್ಬಾದ ಒಂದು ಕಣ್ಣನ್ನು ತೋರಿಸಲು. ವೈದ್ಯರು ನೋಡಿ, ಆ ಕಣ್ಣಿಗೆ ಲೆನ್ಸೋ ಕಸಿಯೋ ಮುಂದೆ ನೋಡೋಣ, ಕಿರಣ ಬೇಕಾದದ್ದು ಇನ್ನೊಂದಕ್ಕೆ ಎನ್ನುತ್ತಾರೆ. ಈ ಕಾಯಿಲೆ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುವಂಥದು, ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ. ‘ಕೆಟ್ಟದ್ದು ಬಿಟ್ಟು ಚಲೋ ಕಣ್ಣಿಗೆ ಯಾಕ ಕೈ ಹಚ್ಚತೀರಿ?’ ಎಂದು ಅಪ್ಪ ಕೇಳುವುದು ನ್ಯಾಯವೇ. ನೋಡಿಕೊಂಡು ಮಾಡೋಣ ಎನ್ನುವ ವೈದ್ಯರೂ ಅವನ ಪರವಾಗಿ ನಿಂತಾರು: ನೋಟ ಸರಿಯಿರುವ ಕಣ್ಣು, ಮಬ್ಬಿನ ಭಯ, ಸೋಂಕಿನ ಭಯ. ನಾನು ಆ ಅಪ್ಪನ ಜಾಗದಲ್ಲಿದ್ದರೆ, ಅಲರ್ಜಿ ತಣಿದಿದ್ದು ಎರಡು ನಕ್ಷೆಗಳು ಒಂದೇ ಮಾತು ಹೇಳುತ್ತಿದ್ದರೆ, ಆ ಚಲೋ ಕಣ್ಣಿಗೇ ಮೊದಲು ಸಹಿ ಹಾಕುತ್ತಿದ್ದೆ.